ದುರ್ಗದ ಪೊಲೀಸ್ ಇತಿಹಾಸ ಮ್ಯೂಸಿಯಂ: ಜನ ಪದೇ ಪದೇ ಕೇಳೋ ಪ್ರಶ್ನೆಗಳು

ವಾಟ್ಸಾಪಲ್ಲಿ, ಫೋನಲ್ಲಿ, ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಬಿಡ್ತಾ ಜನ ಕೇಳೋ ಪ್ರಶ್ನೆಗಳನ್ನೆಲ್ಲಾ ಒಂದ್ಕಡೆ ಹಾಕಿದೀವಿ. ಬರೋಕೆ ಮುಂಚೆ ಒಂದ್ಸಲ ಕಣ್ಣಾಡಿಸಿಬಿಡಿ, ಬಂದಾಗ ಟೈಮಿಂಗ್ ಬಗ್ಗೆ ಮಾತಾಡೋ ಬದಲು ವಸ್ತುಗಳ ಬಗ್ಗೆ ಮಾತಾಡಬಹುದು.

ಇದು ಪೊಲೀಸ್ ಇಲಾಖೆದಾ?

ಅಲ್ಲ ರೀ. ಇಲಾಖೆಗೂ ನಮಗೂ ಸಂಬಳದ ಸಂಬಂಧ ಇಲ್ಲ. ರಿಟೈರ್ ಆದ ಕೆಲವು ಹೆಡ್ ಕಾನ್ಸ್‌ಟೇಬಲ್‌ಗಳು, ಎಎಸ್‌ಐಗಳು, ಒಂದಿಬ್ಬರು ಇತಿಹಾಸದ ಮೇಷ್ಟ್ರು, ಕಾಲೇಜು ಹುಡುಗ್ರು, ಒಬ್ಬ ವಕೀಲರು ಸೇರ್ಕೊಂಡು ನಡೆಸ್ತಾ ಇರೋದು. ಯಾರಿಗೂ ಸಂಬಳ ಇಲ್ಲ. ಅದಕ್ಕೇ ಇಲ್ಲಿಗೆ ಬಂದು ಕಂಪ್ಲೇಂಟ್ ಕೊಡೋಕಾಗಲ್ಲ, ಪಾಸ್‌ಪೋರ್ಟ್ ವೆರಿಫಿಕೇಷನ್ ಎಲ್ಲಿಗೆ ಬಂತು ಅಂತ ಕೇಳೋಕಾಗಲ್ಲ (ಕೇಳ್ತಾರೆ, ನಿಜವಾಗ್ಲೂ ಕೇಳ್ತಾರೆ). ಅರ್ಜೆಂಟ್ ಇದ್ರೆ 112ಕ್ಕೆ ಫೋನ್ ಮಾಡಿ, ನಮಗೆ ಬೇಡ.

ಯಾವಾಗ ತೆಗೆದಿರುತ್ತೆ? ಟಿಕೆಟ್ ಎಷ್ಟು?

ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನ ಊಟದ ಹೊತ್ತಿನವರೆಗೆ. ಬೇರೆ ದಿನ ಬೇಕು ಅಂದ್ರೆ ಮುಂಚೆ ತಿಳಿಸಿ, ಕೀಲಿ ಇಟ್ಕೊಂಡಿರೋರು ಊರಲ್ಲಿದ್ರೆ ತೆಗೀತೀವಿ. ಟಿಕೆಟ್ ಇಲ್ಲ. ಹುಂಡಿ ಇದೆ, ಹಾಕಿದ್ರೆ ಖುಷಿ, ಹಾಕದಿದ್ರೆ ಯಾರೂ ಮುಖ ನೋಡಲ್ಲ.

ಎಸ್ಪಿ ಸಾಹೇಬ್ರುಗಳ ಫೋಟೋ ಸಾಲಾಗಿ ಹಾಕಿದೀರಾ?

ಇಲ್ಲ. ಆ ಸಾಲು ನೋಡ್ಬೇಕು ಅಂದ್ರೆ ಯಾವ ಎಸ್ಪಿ ಆಫೀಸಿಗೆ ಹೋದ್ರೂ ಹೆಸರಿನ ಬೋರ್ಡ್ ಇರುತ್ತೆ, ಯಾವತ್ತಿಂದ ಯಾವತ್ತಿನವರೆಗೆ ಅಂತ ನೀಟಾಗಿ ಬರೆದಿರ್ತಾರೆ. ದೊಡ್ಡೋರ ಹೆಸರು ಹೇಗಾದ್ರೂ ಉಳಿಯುತ್ತೆ. ಉಳಿಯದೇ ಇರೋದು ಯಾರದ್ದು ಅಂದ್ರೆ ರಾತ್ರಿ ಎಲ್ಲಾ ಸೆಂಟ್ರಿ ನಿಂತು ಬೆಳಿಗ್ಗೆ ಬಂದೋಬಸ್ತಿಗೆ ಹೋದ ಪೇದೆದು, ಕೌಂಟರ್ ಈಚೆ ಅರ್ಜಿ ಹಿಡ್ಕೊಂಡು ಒಳಗೆ ಹೋಗೋಕೆ ಭಯ ಪಟ್ಕೊಂಡು ನಿಂತಿದ್ದ ಹೆಂಗಸಿದು. ಈ ಮ್ಯೂಸಿಯಂ ಇರೋದು ಆ ಇಬ್ಬರಿಗೋಸ್ಕರ. ಯಾವ ವಸ್ತು ತಗೋಬೇಕು, ಯಾವುದು ಬೇಡ ಅನ್ನೋದನ್ನೂ ಇದೇ ಲೆಕ್ಕದಲ್ಲಿ ತೀರ್ಮಾನ ಮಾಡ್ತೀವಿ.

ನಿಮ್ಮ ಇತಿಹಾಸ ಎಲ್ಲಿಂದ ಶುರು ಆಗುತ್ತೆ? ಬ್ರಿಟಿಷರಿಂದನಾ?

ಇದು ನಮ್ಮೊಳಗೇ ಜಗಳ ಆಗಿರೋ ಪ್ರಶ್ನೆ. ಒಬ್ರು ಅಶೋಕನಿಂದ ಶುರು ಮಾಡೋಣ ಅಂದ್ರು, ಯಾಕಂದ್ರೆ ನಮ್ ಮೊಳಕಾಲ್ಮೂರು ತಾಲ್ಲೂಕಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅವನ ಶಾಸನ ಇದೆ, ಅದರಲ್ಲಿ ಇಸಿಲದ ಮಹಾಮಾತ್ರರು ಅಂತ ಅಧಿಕಾರಿಗಳ ಪ್ರಸ್ತಾಪನೂ ಬರುತ್ತೆ. ಆದ್ರೆ ಅವರನ್ನ ಪೊಲೀಸ್ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು ಅಂತ ಬಿಟ್ವಿ.

ನಾವು ಶುರು ಮಾಡಿರೋದು ವೀರಗಲ್ಲಿಂದ. ನಿಜವಾದ ಕಲ್ಲು ಅಲ್ಲ, ಫೋಟೋ (ಕಲ್ಲು ಕಿತ್ಕೊಂಡ್ ಬರೋದು ಅಪರಾಧ, ದಯವಿಟ್ಟು ಯಾರೂ ತಂದ್ಕೊಡಬೇಡಿ). ನಮ್ ಹಳ್ಳಿಗಳ ಸುತ್ತ ಸಿಗೋ ವೀರಗಲ್ಲುಗಳಲ್ಲಿ ತುರುಗೊಳ್ ಕಲ್ಲುಗಳು ಇರ್ತವೆ, ಅಂದ್ರೆ ಊರ ದನ ಹೊಡ್ಕೊಂಡು ಹೋದೋರ ಹಿಂದೆ ಹೋಗಿ, ದನ ಬಿಡಿಸ್ಕೊಂಡು ಬರೋಕೆ ಹೋರಾಡಿ ಸತ್ತವರಿಗೆ ನಿಲ್ಲಿಸಿದ್ದು. ಡ್ಯೂಟಿ ಮೇಲೆ ಸತ್ತವರಿಗೆ ಊರು ಕಟ್ಟಿದ ಸ್ಮಾರಕ ಅದು.

ಆಮೇಲೆ ತಳವಾರ, ತೋಟಿ. ಊರಿಗೆ ಹೊಸಬರು ಬಂದ್ರೆ ಗೊತ್ತಾಗ್ತಿದ್ದದ್ದು ಇವರಿಗೆ, ಕಳ್ಳತನ ಆದ್ರೆ ಹೆಜ್ಜೆ ಹಿಡಿದು ಹೋಗ್ತಿದ್ದದ್ದು ಇವರು, ಸಂಬಳ ಅಂತ ದುಡ್ಡಿಲ್ಲ, ಇನಾಮು ಜಮೀನು, ಸುಗ್ಗಿ ಟೈಮಲ್ಲಿ ಕಣದಲ್ಲಿ ಇಷ್ಟು ಕಾಳು ಅಂತ. ಹಳ್ಳಿ ವಂಶಪಾರಂಪರ್ಯ ಹುದ್ದೆಗಳನ್ನ 1961ರ ಕಾಯ್ದೆ ತೆಗೆದು ಹಾಕ್ತು. ಮನೆತನದ ಹೆಸರಲ್ಲಿ ಮಾತ್ರ ತಳವಾರ ಅನ್ನೋದು ಇವತ್ತಿಗೂ ಉಳ್ಕೊಂಡಿದೆ, ನಿಮ್ ಊರಲ್ಲೂ ಒಂದು ಮನೆ ಇರ್ಬೇಕು ನೋಡಿ.

ಇನ್ನೊಂದು ಕಂದಾಚಾರ. ಈಗ ಕಂದಾಚಾರ ಅಂದ್ರೆ ಮೂಢನಂಬಿಕೆ ಅಂತ ಅಂದ್ಕೋತೀವಿ, ಬೋರ್ಡ್ ನೋಡಿ ನಗೋರು ಬಹಳ ಜನ. ಮೈಸೂರು ಸಂಸ್ಥಾನದಲ್ಲಿ ಕಂದಾಚಾರದವರು ಅಂದ್ರೆ ಅರ್ಧ ಸೈನ್ಯ ಅರ್ಧ ಪೊಲೀಸ್ ಕೆಲಸ ಮಾಡ್ತಿದ್ದ ಪೇದೆಗಳು, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಈ ಪಡೆ ಜೋರಾಗಿತ್ತು, ಊರಲ್ಲಿದ್ದಾಗ ಹೊಲ ನೋಡ್ಕೊಂಡು ಕರೆದಾಗ ಬಂದು ಕಾವಲು ಕಾಯೋದು. 1831ರಲ್ಲಿ ನಗರ ಸೀಮೆಯ (ಬಿದನೂರು ಕಡೆಯ) ರೈತರ ದಂಗೆ ನೆಪದಲ್ಲಿ ಬ್ರಿಟಿಷರು ಆಡಳಿತ ತಗೊಂಡ ಮೇಲೂ, ಕಮಿಷನರ್ ಕಬ್ಬನ್ ಕಾಲದಲ್ಲೂ, ತಾಲ್ಲೂಕಲ್ಲಿ ಅಮಲ್ದಾರರೇ ಕಂದಾಯಕ್ಕೂ ಯಜಮಾನ ಪೊಲೀಸಿಗೂ ಯಜಮಾನ. ಯೋಚನೆ ಮಾಡಿ, ಕಂದಾಯ ಕಟ್ಟಿಲ್ಲ ಅಂತ ಹೆದರಿಸೋನೂ ಅವನೇ, ಹೆದರಿಸ್ತಾ ಇದ್ದಾರೆ ಸ್ವಾಮಿ ಅಂತ ದೂರು ಕೊಡಬೇಕಾಗಿದ್ದೂ ಅವನಿಗೇ. ಪೊಲೀಸ್ ಅಂತ ಬೇರೆ ಇಲಾಖೆ, ಬೇರೆ ಶಿಸ್ತು ಬಂದಿದ್ದು 1861ರ ಪೊಲೀಸ್ ಕಾಯ್ದೆ ಆದ ಮೇಲೆ, ನಿಧಾನಕ್ಕೆ. ಮೈಸೂರಿಗೆ ಮೊದಲ ಇನ್ಸ್‌ಪೆಕ್ಟರ್ ಜನರಲ್ ಆಗಿ ರಿಕೆಟ್ಸ್ ಅನ್ನೋರು ಬಂದಿದ್ದು 1885ರಲ್ಲಿ, ಅಂದ್ರೆ ರಾಜರಿಗೆ ಆಡಳಿತ ವಾಪಸ್ ಬಂದು ನಾಲ್ಕು ವರ್ಷ ಆದ ಮೇಲೆ.

ಒನಕೆ ಓಬವ್ವನ ಒನಕೆ ಇದೆಯಾ?

ಇಲ್ಲ. ಇದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಆದ್ರೆ ಓಬವ್ವನಿಗೆ ನಮ್ಮಲ್ಲಿ ಜಾಗ ಇದೆ. ಕಥೆ ನಿಮಗೆಲ್ಲಾ ಗೊತ್ತಿರೋದೇ, ಹೈದರಾಲಿ ಮುತ್ತಿಗೆ, ಕಹಳೆ ಕಾವಲಿನ ಗಂಡ ಮಧ್ಯಾಹ್ನ ಊಟಕ್ಕೆ ಬಂದಿದ್ದಾನೆ, ಓಬವ್ವ ನೀರಿಗೆ ಹೋದವಳು ಕಿಂಡಿ ಹತ್ರ ಸದ್ದು ಕೇಳಿದ್ಲು, ಆಮೇಲೆ ಒನಕೆ. ಎಲ್ಲರೂ ಒನಕೆ ನೋಡ್ತಾರೆ. ನಮ್ ಹಳೇ ದಫೇದಾರ್ ಒಬ್ರು ಇದನ್ನ ನೋಡೋ ರೀತಿನೇ ಬೇರೆ: "ಪಾಯಿಂಟಲ್ಲಿ ಒಬ್ಬನೇ ಕಾವಲು, ಊಟಕ್ಕೆ ಹೋದ್ರೆ ರಿಲೀಫ್ ಇಲ್ಲ, ನಮ್ ಕಾಲದಲ್ಲೂ ಅದೇ ಕಥೆ". ಅದಕ್ಕೇ ಓಬವ್ವನ ಕಿಂಡಿಯ ಫೋಟೋ ಪಕ್ಕದಲ್ಲೇ ಸೆಂಟ್ರಿ ರಿಲೀಫ್ ಬುಕ್ಕಿನ ಮಾದರಿ ಇಟ್ಟಿದೀವಿ, ಯಾರು ಎಷ್ಟು ಗಂಟೆಗೆ ಯಾರ ಕೈಗೆ ಕಾವಲು ಒಪ್ಪಿಸಿದ್ರು ಅಂತ ಬರೆಯೋ ಪುಸ್ತಕ. ನವೆಂಬರ್ 11 ಓಬವ್ವ ಜಯಂತಿ ದಿನ ಕೋಟೆಗೆ ಬರೋರು ಹಾಗೇ ನಮ್ ಕಡೆಗೂ ಬರ್ತಾರೆ, ಅವತ್ತು ರಶ್ ಇರುತ್ತೆ.

ಬಂದೂಕು ಇದಾವಾ? ನಿಜವಾದವಾ?

ನಿಜವಾದವು ಇಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದೆ ಹಾಗೆಲ್ಲಾ ಇಟ್ಕೊಳ್ಳೋಕಾಗಲ್ಲ, ಮ್ಯೂಸಿಯಂ ಅಂದ ಮಾತ್ರಕ್ಕೆ ವಿನಾಯಿತಿ ಸಿಗಲ್ಲ. ಮರದಲ್ಲಿ ಮಾಡಿದ ಮಾದರಿ ಇದೆ, ಜೊತೆಗೆ ಫೋಟೋ.

ಒಂದು ವಿಷಯ ಮಾತ್ರ ಎಲ್ಲರಿಗೂ ತೋರಿಸ್ತೀವಿ. ಹಳೇ ಫೋಟೋಗಳಲ್ಲಿ ಪೇದೆಗಳ ಕೈಲಿರೋದೆಲ್ಲಾ .303 ರೈಫಲ್ ಅಂತ ಜನ ಅಂದ್ಕೋತಾರೆ. ತುಂಬಾ ಸಲ ಅದು .410 ಮಸ್ಕೆಟ್ ಆಗಿರುತ್ತೆ. ಹೊರಗಿಂದ ಮೈಕಟ್ಟೆಲ್ಲಾ .303 ತರಾನೇ, ಇಷಾಪುರ ಕಾರ್ಖಾನೆದು, ಆದ್ರೆ ನಳಿಗೆ ಒಳಗೆ ಗೆರೆ ಇರಲ್ಲ, ಒಂದ್ಸಲಕ್ಕೆ ಒಂದೇ ತೋಟಾ ಹಾಕ್ಬೇಕು. ಸರ್ಕಾರ ಪೇದೆ ಕೈಗೆ ಬಂದೂಕು ಕೊಟ್ಟಿತ್ತು ಆದ್ರೆ ಪೂರ್ತಿ ನಂಬಿಕೆ ಕೊಟ್ಟಿರಲಿಲ್ಲ ಅನ್ನೋದು ಆ ನಳಿಗೆ ನೋಡಿದ್ರೆ ಗೊತ್ತಾಗುತ್ತೆ. ಇನ್ನು .303 ಬಗ್ಗೆ ಹೇಳೋದಾದ್ರೆ, ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ಅಧಿಕೃತವಾಗಿ ಬೀಳ್ಕೊಡುಗೆ ಕೊಟ್ಟಿದ್ದೇ 2020ರಲ್ಲಿ, ಅಷ್ಟು ವರ್ಷ ದುಡೀತು ಅದು.

ನಮ್ಮಜ್ಜನ ಯೂನಿಫಾರ್ಮ್ ಫೋಟೋ ಒಂದಿದೆ, ಹಿಂದೆ ಏನೂ ಬರ್ದಿಲ್ಲ. ಯಾವ ಕಾಲದ್ದು, ಏನ್ ರ‍್ಯಾಂಕು ಅಂತ ಹೇಳ್ತೀರಾ?

ಇದು ನಮಗೆ ಬಲು ಇಷ್ಟದ ಕೆಲಸ, ತಗೊಂಡ್ ಬನ್ನಿ. ಮನೇಲೇ ನೀವೂ ಸ್ವಲ್ಪ ಕಂಡು ಹಿಡೀಬಹುದು.

ಮೊದಲು ಭುಜ ನೋಡಿ. ತೋಳಿನ ಮೇಲೆ ಮೂರು ಪಟ್ಟಿ ಇದ್ರೆ ಹೆಡ್ ಕಾನ್ಸ್‌ಟೇಬಲ್, ನಮ್ ಜನರ ಬಾಯಲ್ಲಿ ದಫೇದಾರ್ರು. ಭುಜದ ಮೇಲೆ ಒಂದು ಸ್ಟಾರು, ಕೆಳಗೆ ಕೆಂಪು ನೀಲಿ ರಿಬ್ಬನ್ ಇದ್ರೆ ಎಎಸ್‌ಐ, ಎರಡು ಸ್ಟಾರು ರಿಬ್ಬನ್ ಇದ್ರೆ ಪಿಎಸ್‌ಐ, ಮೂರು ಸ್ಟಾರು ರಿಬ್ಬನ್ ಇದ್ರೆ ಇನ್ಸ್‌ಪೆಕ್ಟರ್, ಮೂರು ಸ್ಟಾರ್ ಇದ್ದು ರಿಬ್ಬನ್ ಇಲ್ಲ ಅಂದ್ರೆ ಡಿವೈಎಸ್‌ಪಿ. ಕಪ್ಪು ಬಿಳುಪು ಫೋಟೋದಲ್ಲಿ ರಿಬ್ಬನ್ ಬಣ್ಣ ಕಾಣಲ್ಲ, ಗೆರೆ ಕಾಣುತ್ತೆ, ಅಷ್ಟು ಸಾಕು.

ಆಮೇಲೆ ಬಿಲ್ಲೆ, ಬಕಲ್. ಮೈಸೂರು ಅಂತ ಬರೆದಿದ್ರೆ ಅದು 1973ಕ್ಕಿಂತ ಹಿಂದಿನ ನಮೂನೆ, ಯಾಕಂದ್ರೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ. ಗಂಡಭೇರುಂಡ ಇದೆ ಅಂತ ಮಹಾರಾಜರ ಕಾಲದ್ದು ಅಂದ್ಕೋಬೇಡಿ, ಅದು ಆಗಲೂ ಇತ್ತು ಈಗಲೂ ಇದೆ.

ಕಾಲು ನೋಡಿ. ಅರ್ಧ ಚಡ್ಡಿ, ಮೊಣಕಾಲಿಂದ ಕೆಳಗೆ ಪಟ್ಟಿ ಸುತ್ತಿದ್ದಾರಾ? ಹಾಗಿದ್ರೆ ಹಳೇದು. ಆ ಬಟ್ಟೆ ಪಟ್ಟಿ ಸುತ್ತೋದೇ ಒಂದು ವಿದ್ಯೆ, ಪೆರೇಡ್ ಮಧ್ಯದಲ್ಲಿ ಬಿಚ್ಕೊಂಡ್ರೆ ಬೈಗುಳ ಗ್ಯಾರಂಟಿ.

ಟೋಪಿ ಕೊನೆಗೆ. ಒಂದು ಕಡೆ ಮಡಚಿದ ಅಗಲ ಟೋಪಿ, ಸ್ಲೋಚ್ ಹ್ಯಾಟು, ನಮ್ ತಲೆಮಾರಿನವರಿಗೆ ಪೇದೆ ಅಂದ್ರೆ ಅದೇ ಟೋಪಿ ಕಣ್ಮುಂದೆ ಬರೋದು. ಮಳೆ ಬಂದ್ರೆ ಭಾರ, ಬಿಸಿಲಲ್ಲಿ ತಲೆ ಬೆವರು, ಓಡಿದ್ರೆ ಬೀಳುತ್ತೆ, ಹಾಕ್ಕೊಂಡೋರ್ ಯಾರೂ ಅದನ್ನ ಹೊಗಳಿದ್ದು ನಾವು ಕೇಳಿಲ್ಲ. 2025ರಲ್ಲಿ ಅದು ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ಬದಲಾದ ಮೇಲೆ ನಮಗೆ ಸ್ಲೋಚ್ ಹ್ಯಾಟು ಮೂಟೆಗಟ್ಟಲೆ ಕೊಡ್ತೀವಿ ಅಂತ ಬರ್ತಾ ಇದಾರೆ. ಸಾಕು, ಇನ್ನು ಬೇಡ. ಒಳಗಡೆ ಹೆಸರು, ನಂಬರ್ ಬರ್ಕೊಂಡಿರೋದು ಇದ್ರೆ ಮಾತ್ರ ತನ್ನಿ.

ಅಜ್ಜನ ಸರ್ವಿಸ್ ವಿವರ ಸಿಗುತ್ತಾ? ಯಾವ ಠಾಣೇಲಿ ಇದ್ರು, ಯಾವಾಗ ರಿಟೈರ್ ಆದ್ರು?

ನಮ್ಮತ್ರ ಯಾರ ಸರ್ವಿಸ್ ರಿಜಿಸ್ಟರೂ ಇಲ್ಲ, ಅದು ಇಲಾಖೆದು. ಮನೇಲಿ ಮೊದಲು ಹುಡುಕಿ: ಪಿಂಚಣಿ ಪುಸ್ತಕ, ಪಿಪಿಒ (ಪಿಂಚಣಿ ಆದೇಶ) ನಂಬರ್, ರಿಟೈರ್ ಆದಾಗ ಕೊಟ್ಟ ಕಾಗದ, ಅಜ್ಜಿಗೆ ಫ್ಯಾಮಿಲಿ ಪೆನ್ಷನ್ ಬರ್ತಿದ್ರೆ ಅದರ ಕಾಗದ. ಬೆಲ್ಟ್ ಅಥವಾ ಬಿಲ್ಲೆ ಮೇಲಿನ ನಂಬರ್ ಬಹಳ ಮುಖ್ಯ, ಒಂದೇ ಹೆಸರಿನವರು ಒಂದೇ ಜಿಲ್ಲೇಲಿ ಬಹಳ ಜನ ಇರ್ತಾರೆ (ದುರ್ಗದಲ್ಲಿ ತಿಪ್ಪೇಸ್ವಾಮಿ ಅಂತ ಕರೀರಿ, ಎಷ್ಟು ಜನ ತಿರುಗಿ ನೋಡ್ತಾರೆ ಅಂತ). ಇವೆಲ್ಲಾ ಇಟ್ಕೊಂಡು ಅಜ್ಜ ಕೊನೇಗೆ ಕೆಲಸ ಮಾಡಿದ ಜಿಲ್ಲೆ ಎಸ್ಪಿ ಆಫೀಸಿಗೆ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಬಹುದು. ಇನ್ನೂ ಹಳೇದು, ಸಂಸ್ಥಾನದ ಕಾಲದ್ದು ಆದ್ರೆ ಬೆಂಗಳೂರಿನ ರಾಜ್ಯ ಪತ್ರಾಗಾರದ ಕಡೆ ನೋಡ್ಬೇಕು. ಅಲ್ಲಿ ಇಂಗ್ಲಿಷ್ ಕಾಗದದಲ್ಲಿ ಚಿತ್ರದುರ್ಗ ಅಂತ ಹುಡುಕಬೇಡಿ, ಚಿತಲ್‌ದ್ರೂಗ್ ಅಂತ ಬರೆದಿರ್ತಾರೆ.

ಜಿಲ್ಲೆ ಗೊಂದಲ ಕೂಡ ನೆನಪಿರಲಿ. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೂ ಮುಂಚೆ ದಾವಣಗೆರೆ, ಹರಿಹರ, ಜಗಳೂರು ನಮ್ ಚಿತ್ರದುರ್ಗದಲ್ಲಿ, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿ. ಹರಪನಹಳ್ಳಿ ಕಥೆ ಕೇಳಲೇಬೇಡಿ: 1953ರವರೆಗೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ, 1997ಕ್ಕೆ ದಾವಣಗೆರೆ, 2018ಕ್ಕೆ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಠಾಣೆ ಇದ್ದಲ್ಲೇ ಇತ್ತು, ಹೆಡ್ಡಾಫೀಸ್ ಮಾತ್ರ ತಿರುಗ್ತಾನೇ ಇತ್ತು.

ಹಳೇ ಸ್ಟೇಷನ್ ರಿಜಿಸ್ಟರ್ ನೋಡಬಹುದಾ?

ಖಾಲಿ ನಮೂನೆಗಳು, ಕೈಯಲ್ಲಿ ನಾವೇ ಗೆರೆ ಎಳೆದು ಮಾಡಿರೋ ಮಾದರಿಗಳು ನೋಡಬಹುದು. ಸ್ಟೇಷನ್ ಹೌಸ್ ಡೈರಿ, ಎಫ್‌ಐಆರ್ ಪುಸ್ತಕ, ಬೀಟ್ ಬುಕ್ಕು, ಮುದ್ದೇಮಾಲು (ಕೇಸಲ್ಲಿ ವಶಕ್ಕೆ ತಗೊಂಡ ವಸ್ತು) ರಿಜಿಸ್ಟರ್, ಸಮನ್ಸ್ ವಾರಂಟ್ ರಿಜಿಸ್ಟರ್. ರೈಟರ್ ಕೆಲಸ (ಠಾಣೆ ಬರವಣಿಗೆ ಕೆಲಸ) ಮಾಡಿದ ಹಿರಿಯರು ಕೂತು ಹೇಗೆ ಬರೀತಿದ್ರು ಅಂತ ತೋರಿಸ್ತಾರೆ. ಕಾರ್ಬನ್ ಇಟ್ಟು ಒತ್ತಿ ಬರೆಯೋದು, ಒದ್ದೆ ಆದ್ರೆ ನೇರಳೆ ಬಣ್ಣ ಬಿಡೋ ಕಾಪಿಯಿಂಗ್ ಪೆನ್ಸಿಲ್ಲು, "ಈ ದಿವಸ ಠಾಣೆಗೆ ಹಾಜರಾಗಿ ನೀಡಿದ ದೂರಿನ ಸಾರಾಂಶವೇನೆಂದರೆ" ಅಂತ ಶುರು ಆಗಿ ಎರಡು ಪುಟದವರೆಗೆ ಫುಲ್‌ಸ್ಟಾಪೇ ಇಲ್ದೆ ಹೋಗೋ ವಾಕ್ಯ. ಆ ವಾಕ್ಯದಲ್ಲಿ ದೂರು ಕೊಟ್ಟವಳು ಹೇಳಿದ್ದೆಷ್ಟು, ರೈಟರ್ ಸೇರಿಸಿದ್ದೆಷ್ಟು ಅಂತ ಬೇರೆ ಮಾಡೋದು ನಮ್ ಕಾಲೇಜು ಹುಡುಗ್ರಿಗೆ ಒಳ್ಳೇ ಆಟ. ಪಕ್ಕದಲ್ಲೇ ಈಗಿನದ್ದೂ ಹಾಕಿದೀವಿ: 2024ರ ಜುಲೈ 1ರಿಂದ ಹೊಸ ಕಾನೂನು, ಹಳೇ ದಂಡ ಪ್ರಕ್ರಿಯಾ ಸಂಹಿತೆ, ಅಂದ್ರೆ ಸಿಆರ್‌ಪಿಸಿ 154ರ ಎಫ್‌ಐಆರ್ ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 173, ಆನ್‌ಲೈನಲ್ಲಿ ದೂರು ಕೊಟ್ಟು ಮೂರು ದಿನದೊಳಗೆ ಹೋಗಿ ಸಹಿ ಹಾಕಬಹುದು, ಯಾವ ಠಾಣೆ ವ್ಯಾಪ್ತಿ ಅಂತ ನೋಡ್ದೆ ತಗೋಬೇಕು. 420 (ಹಳೇ ಐಪಿಸಿಯ ಮೋಸದ ಸೆಕ್ಷನ್) ಅನ್ನೋ ಬೈಗುಳ ಮಾತ್ರ ಹಾಗೇ ಉಳಿಯುತ್ತೆ ಅನ್ಸುತ್ತೆ, ಐಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್ 318 ಅಂತ ಯಾರ್ ಬೈತಾರೆ ಹೇಳಿ.

ಬರೆದು ತುಂಬಿಸಿದ ಅಸಲಿ ರಿಜಿಸ್ಟರ್ ನಾವು ಇಟ್ಕೊಳ್ಳಲ್ಲ, ಯಾರಾದ್ರೂ ಗುಜರಿ ಅಂಗಡೀಲಿ ಸಿಕ್ತು ಅಂತ ತಂದ್ರೂ ಇಟ್ಕೊಳ್ಳಲ್ಲ. ಅದು ಸರ್ಕಾರಿ ದಾಖಲೆ, ವಾಪಸ್ ಹೋಗ್ಬೇಕು. ಮುದ್ದೇಮಾಲು ಅಂತೂ ಕೇಳಲೇಬೇಡಿ, ಕೇಸಿನ ವಸ್ತು ಕೋರ್ಟ್ ಹೇಳಿದ ಹಾಗೆ ವಿಲೇವಾರಿ ಆಗ್ಬೇಕು.

ನಮ್ ಊರಿನ ಫೇಮಸ್ ಮರ್ಡರ್ ಕೇಸ್ ಬಗ್ಗೆ ಏನಾದ್ರೂ ಇಟ್ಟಿದೀರಾ?

ಇಲ್ಲ. ಸತ್ತವರ ಮನೆಯವರು ಇದೇ ಊರಲ್ಲಿ ಇದಾರೆ, ಸಂತೇಲಿ ಸಿಗ್ತಾರೆ. ರಕ್ತದ ಫೋಟೋ, ಹಗ್ಗ, ಮಚ್ಚು ಯಾವುದೂ ಇಲ್ಲ. ಅತ್ಯಾಚಾರಕ್ಕೆ ಒಳಗಾದವರ ಹೆಸರು ಹೇಳೋದು ಕಾನೂನು ಪ್ರಕಾರಾನೇ ಅಪರಾಧ, ಮಕ್ಕಳದ್ದಂತೂ ಬಾಯೇ ಬಿಡಲ್ಲ.

ಇನ್ನೊಂದು ಇದೇ ತರದ್ದು. 1871ರಲ್ಲಿ ಬ್ರಿಟಿಷರು ಒಂದು ಕಾನೂನು ತಂದ್ರು, ಕೆಲವು ಸಮುದಾಯಗಳಲ್ಲಿ ಹುಟ್ಟಿದ್ರೆ ಸಾಕು ಅಪರಾಧಿ, ಠಾಣೆಗೆ ಬಂದು ಹಾಜರಿ ಹಾಕ್ಬೇಕು, ಊರು ಬಿಟ್ಟು ಹೋಗೋಕೆ ಪರ್ಮಿಷನ್ ತಗೋಬೇಕು. 1952ರ ಆಗಸ್ಟ್ 31ಕ್ಕೆ ರದ್ದಾಯ್ತು, ಆ ದಿನವನ್ನ ವಿಮುಕ್ತ ದಿನ ಅಂತ ಆಚರಿಸ್ತಾರೆ. ಈ ಕಾನೂನಿನ ಬಗ್ಗೆ ಒಂದು ಪ್ಯಾನೆಲ್ ಹಾಕಿದೀವಿ, ಸಮುದಾಯಗಳ ಪಟ್ಟಿ ಹಾಕಿಲ್ಲ. ಒಬ್ಬ ಹುಡುಗ ಬಂದು ತನ್ನ ಜಾತಿ ಹೆಸರನ್ನ ಕಳ್ಳರ ಪಟ್ಟೀಲಿ ಗೋಡೆ ಮೇಲೆ ಓದೋದು ಬೇಡ ಅಂತ. ಇತಿಹಾಸ ಮುಚ್ಚಿಟ್ರಿ ಅಂತ ಕೆಲವರು ವಾದ ಮಾಡ್ತಾರೆ, ಮಾಡ್ಲಿ, ಸಂಶೋಧನೆ ಮಾಡೋರಿಗೆ ಪತ್ರಾಗಾರ ಇದ್ದೇ ಇದೆ.

ಹಾಗಾದ್ರೆ ನೀವು ಪೊಲೀಸರ ಪರ, ಅವರ ತಪ್ಪೆಲ್ಲಾ ಮುಚ್ಚಿ ಹಾಕ್ತೀರಾ?

ಬಂದು ಎರಡನೇ ರೂಮ್ ನೋಡಿ, ಆಮೇಲೆ ಹೇಳಿ.

ಅಲ್ಲಿ ತುರುವನೂರು ಇದೆ. 1939ರಲ್ಲಿ ಈಚಲು ಮರ ಕಡಿಯೋ ಸತ್ಯಾಗ್ರಹ, ಹೆಂಡದ ವಿರುದ್ಧ, ಸರ್ಕಾರದ ವಿರುದ್ಧ, ನಿಜಲಿಂಗಪ್ಪನವರು ಆ ಹೋರಾಟದಲ್ಲಿ ಜೈಲು ಸೇರಿದ್ರು. ಅದೇ ನಿಜಲಿಂಗಪ್ಪನವರು 1956ರಲ್ಲಿ ಮುಖ್ಯಮಂತ್ರಿ ಆದಾಗ ಅದೇ ಪೊಲೀಸರು ಸೆಲ್ಯೂಟ್ ಹೊಡೆದ್ರು. ಅಲ್ಲಿ ದಾವಣಗೆರೆ ಇದೆ, 1942ರ ಚಲೇಜಾವ್ ಚಳವಳಿ, ಗುಂಡೇಟಿಗೆ ಊರಿನ ಜನ ಸತ್ತಿದ್ದು. ನಮ್ ಜಿಲ್ಲೆ ಅಲ್ಲದಿದ್ರೂ ಈಸೂರು ಇದೆ, ಯಾಕಂದ್ರೆ ಅದರಲ್ಲಿ ಎರಡೂ ಕಡೆ ಸಾವಿದೆ: 1942ರ ಸೆಪ್ಟೆಂಬರಲ್ಲಿ ಅಮಲ್ದಾರರು, ಸಬ್ ಇನ್ಸ್‌ಪೆಕ್ಟರ್ ಜನರ ಕೈಲಿ ಸತ್ರು, 1943ರ ಮಾರ್ಚಲ್ಲಿ ಊರಿನ 5 ಜನರನ್ನ ಗಲ್ಲಿಗೆ ಹಾಕಿದ್ರು.

ಅಲ್ಲೇ ಒಂದು ಕೈಕೋಳ ಇದೆ. ಜೊತೆಗೆ ಬರಹ: 1980ರಲ್ಲಿ ಪ್ರೇಮ್ ಶಂಕರ್ ಶುಕ್ಲಾ ಕೇಸಲ್ಲಿ ಸುಪ್ರೀಂ ಕೋರ್ಟು ಸುಮ್ ಸುಮ್ನೆ ಕೋಳ ಹಾಕಬೇಡಿ ಅಂತು, ಡಿ.ಕೆ. ಬಸು ಕೇಸಲ್ಲಿ ಬಂಧಿಸಿದ ಮೆಮೊ, ಮನೆಯವರಿಗೆ ಸುದ್ದಿ, ವೈದ್ಯರ ತಪಾಸಣೆ ಅಂತ ನಿಯಮ ಹಾಕ್ತು, 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡ್ಬೇಕು ಅನ್ನೋದು ಸಂವಿಧಾನದ 22ನೇ ವಿಧಿಲೇ ಇದೆ. ಈಗ ಬಿಎನ್‌ಎಸ್‌ಎಸ್ ಕೆಲವು ಗಂಭೀರ ಕೇಸುಗಳಲ್ಲಿ ಕೋಳ ಹಾಕೋಕೆ ಮತ್ತೆ ಅವಕಾಶ ಕೊಟ್ಟಿದೆ, ಅದನ್ನೂ ಬರೆದಿದೀವಿ. ರಿಟೈರ್ ಆದವರು ಮತ್ತು ನಮ್ ವಕೀಲರು ಈ ಕೋಳದ ಮುಂದೆ ನಿಂತು ಜಗಳ ಆಡೋದು ನೋಡೋಕೆ ಅಂತಾನೇ ಕೆಲವರು ಬರ್ತಾರೆ. ಜಗಳ ನಿಲ್ಲಿಸೋ ಯೋಚನೆ ನಮಗಿಲ್ಲ.

ಪೇದೆಗಳ ಕಷ್ಟಾನೂ ಅದೇ ರೂಮಲ್ಲಿ. ವಾರದ ರಜೆ ಸಿಗದೇ ಇರೋದು, ಸಾಹೇಬ್ರ ಮನೇಲಿ ಆರ್ಡರ್ಲಿ ಕೆಲಸ, ತೂತು ಬಿದ್ದ ಕ್ವಾರ್ಟ್ರಸ್ಸು, 2016ರಲ್ಲಿ ಸಾಮೂಹಿಕ ರಜೆ ಹಾಕ್ತೀವಿ ಅಂತ ಎದ್ದ ಗಲಾಟೆ, ಪೊಲೀಸರ ಸಂಬಳ ಜಾಸ್ತಿ ಮಾಡಿ ಅಂದ ಔರಾದ್ಕರ್ ವರದಿ. ಸಂಬಳದ ಚೀಟಿ ಕೊಟ್ಟೋರೂ ಇದಾರೆ, ಹೆಸರು ಮುಚ್ಚಿ ಹಾಕಿದೀವಿ.

ತುಂಗಾ ಬಗ್ಗೆ ಏನಾದ್ರೂ ಇದೆಯಾ?

ಮಕ್ಕಳ ಮೊದಲ ಪ್ರಶ್ನೆ ಇದು. ಇದೆ. ದಾವಣಗೆರೆ ಪೊಲೀಸ್ ಶ್ವಾನದಳದ ಡಾಬರ್‌ಮನ್ ತುಂಗಾ, 2020ರಲ್ಲಿ ಒಂದು ಕೊಲೆ ಕೇಸಲ್ಲಿ ವಾಸನೆ ಹಿಡಿದು ಹತ್ತು ಕಿಲೋಮೀಟರಿಗೂ ಜಾಸ್ತಿ ಓಡಿ ಆರೋಪಿ ಜಾಡು ತೋರಿಸ್ತು, ದೇಶದ ಪೇಪರಲ್ಲೆಲ್ಲಾ ಬಂತು. ಪೇಪರ್ ಕಟಿಂಗ್ ಇದೆ, ನಕ್ಷೆ ಇದೆ. ನಕ್ಷೆ ಮೇಲೆ ದಾರ ಹಿಡ್ಕೊಂಡು ಎಷ್ಟು ದೂರ ಅಂತ ಮಕ್ಕಳೇ ಅಳೀಬಹುದು. ಬರಹದಲ್ಲಿ ನಾಯಿ ಜೊತೆ ಅಷ್ಟೇ ದೂರ ಓಡಿದ ಹ್ಯಾಂಡ್ಲರ್ ಬಗ್ಗೆನೂ ಸೇರಿಸಿದೀವಿ, ಅವರನ್ನ ಯಾರೂ ಕೇಳಲ್ಲ.

ಸ್ಕೂಲ್ ಮಕ್ಕಳನ್ನ ಕರ್ಕೊಂಡ್ ಬರಬಹುದಾ?

ಖಂಡಿತ, ಆದ್ರೆ ಒಂದ್ ಸಲಕ್ಕೆ ಒಂದು ಕ್ಲಾಸು, ಜಾಗ ಚಿಕ್ಕದು. ಮೋರ್ಸ್ ಕೀ ಇದೆ, ಟಕ ಟಕ ಅಂತ ತಮ್ಮ ಹೆಸರು ತಾವೇ ಕಳಿಸಬಹುದು. ಬೆರಳಚ್ಚು ಒತ್ತಿ ಸುಳಿ, ಕಮಾನು, ಕುಣಿಕೆ ಯಾವುದು ಅಂತ ಭೂತಗನ್ನಡೀಲಿ ನೋಡಿ ಆ ಕಾಗದ ಮನೆಗೇ ತಗೊಂಡ್ ಹೋಗಬಹುದು (ನಾವು ಇಟ್ಕೊಳ್ಳಲ್ಲ, ಹೆತ್ತವರು ಗಾಬರಿ ಬೀಳೋದು ಬೇಡ). 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರು ಆದಾಗ ಲೆಕ್ಕಾಚಾರದ ಕೆಲಸ ಮಾಡಿದ್ದು ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅನ್ನೋ ಇಬ್ಬರು ಇಂಡಿಯನ್ ಸಬ್ ಇನ್ಸ್‌ಪೆಕ್ಟರ್‌ಗಳು, ಪದ್ಧತಿಗೆ ಹೆಸರು ಬಂದಿದ್ದು ಸಾಹೇಬ ಹೆನ್ರಿದು. ಇದನ್ನ ಹೇಳಿದಾಗ ಮಕ್ಕಳಿಗಿಂತ ಟೀಚರ್‌ಗಳಿಗೆ ಜಾಸ್ತಿ ಸಿಟ್ಟು ಬರುತ್ತೆ.

ದಯವಿಟ್ಟು "ಗಲಾಟೆ ಮಾಡಿದ್ರೆ ಲಾಕಪ್ಪಿಗೆ ಹಾಕ್ತಾರೆ" ಅಂತ ಮಕ್ಕಳಿಗೆ ಹೆದರಿಸಿ ಕರ್ಕೊಂಡ್ ಬರಬೇಡಿ. ಕಾಣೆಯಾದ ದಿನ ಆ ಮಗು ಪೊಲೀಸರನ್ನ ನೋಡಿ ಓಡಬಾರದು.

ಪಿಸಿ, ಪಿಎಸ್‌ಐ ಎಕ್ಸಾಮಿಗೆ ಓದ್ತಾ ಇದೀನಿ, ಉಪಯೋಗ ಆಗುತ್ತಾ?

ಸ್ವಲ್ಪ. ಜಿಕೆಗೆ ಬೇಕಾದ್ರೆ ಎರಡು ದಿನ ನೆನಪಿಟ್ಕೊಳ್ಳಿ: ಏಪ್ರಿಲ್ 2 ಪೊಲೀಸ್ ಧ್ವಜ ದಿನ, 1965ರಲ್ಲಿ ಅವತ್ತೇ ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದಿದ್ದು, ಕಾಯ್ದೆ ಹೆಸರಲ್ಲಿ ಮಾತ್ರ 1963 ಅಂತಿದೆ. ಅಕ್ಟೋಬರ್ 21 ಹುತಾತ್ಮರ ದಿನ, 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸಲ್ಲಿ ಚೀನಾ ಸೈನಿಕರ ದಾಳಿಗೆ ಸಿಆರ್‌ಪಿಎಫಿನ 10 ಜನ ಸತ್ತ ನೆನಪಿಗೆ. ಟ್ರೈನಿಂಗ್ ಹೇಗಿರುತ್ತೆ ಅಂತ ಐಮಂಗಲದ ತರಬೇತಿ ಶಾಲೇಲಿ ಇದ್ದು ಬಂದವರ ಹತ್ರಾನೇ ಕೇಳಿ, ಹೇಳ್ತಾರೆ. ರೆಕಮೆಂಡೇಷನ್ ಮಾತ್ರ ಕೇಳಬೇಡಿ.

ಮನೇಲಿ ಹಳೇ ಬೆಲ್ಟು, ವಿಜಲ್ಲು, ಲಾಠಿ, ಪದಕ ಇದಾವೆ. ಕೊಡಬೇಕು ಅಂತಿದೀವಿ.

ಮೊದಲನೇ ಮಾತು, ತೊಳೀಬೇಡಿ, ಉಜ್ಜಬೇಡಿ. ಮ್ಯೂಸಿಯಮ್ಮಿಗೆ ಕೊಡ್ತೀವಿ ಅಂತ ಹಿತ್ತಾಳೆ ಬಿಲ್ಲೆನ ಹುಣಸೆಹಣ್ಣು ಹಾಕಿ ಪೂಜೆ ಸಾಮಾನಿನ ತರ ಫಳಫಳ ಮಾಡ್ಕೊಂಡ್ ಬರ್ತಾರೆ, ಮೇಲಿದ್ದ ಅಕ್ಷರ, ನಂಬರ್ ಎಲ್ಲಾ ಸವೆದು ಹೋಗಿರುತ್ತೆ. ಚರ್ಮದ ಬೆಲ್ಟಿಗೆ ಕೊಬ್ಬರಿ ಎಣ್ಣೆ, ಶೂ ಪಾಲಿಶ್ ಬೇಡ. ಕಾಗದಕ್ಕೆ ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಒಂದ್ಸಲ ಮಾಡಿದ್ರೆ ತಿರುಗಿ ಬಿಡಿಸೋಕಾಗಲ್ಲ. ಫೋಟೋ ಹಿಂದೆ ಹೆಸರು ಬರೆಯೋದಾದ್ರೆ ಮೆತ್ತಗಿನ ಪೆನ್ಸಿಲಲ್ಲಿ ಬರೀರಿ. ಉಣ್ಣೆ ಕೋಟು, ಕಂಬಳಿ ಇದ್ರೆ ಹುಳ ಹಿಡಿದಿದೆಯಾ ನೋಡಿ ಮುಂಚೆನೇ ಹೇಳಿ, ಒಂದು ಕೋಟಿನ ಹುಳ ಇಡೀ ಬೀರುಗೆ ಹಬ್ಬುತ್ತೆ.

ಎರಡನೇದು, ವಸ್ತು ಜೊತೆ ಕಥೆ ಬೇಕು. ಯಾರದ್ದು, ಯಾವ ಠಾಣೆ, ಏನ್ ಮಾಡ್ತಿದ್ರು. ಬರೀ ಲಾಠಿ ಬೇಕಾದಷ್ಟು ಸಿಗುತ್ತೆ, ನಾಯಕನಹಟ್ಟಿ ಜಾತ್ರೇಲಿ ತೇರಿನ ಬಂದೋಬಸ್ತಿಗೆ ವರ್ಷ ವರ್ಷ ಹಿಡ್ಕೊಂಡು ಹೋಗ್ತಿದ್ದ ಲಾಠಿ ಅಂದ್ರೆ ಬೇರೆ.

ಕೊಡೋಕೆ ಮನಸ್ಸಿಲ್ಲ ಅಂದ್ರೆ ಕೊಡಬೇಡಿ, ಬೇಜಾರಿಲ್ಲ. ತಂದು ತೋರಿಸಿ, ಫೋಟೋ ತೆಗೆದು ಸ್ಕ್ಯಾನ್ ಮಾಡಿ ಅವತ್ತೇ ವಾಪಸ್ ಕೊಡ್ತೀವಿ. ಅಕಸ್ಮಾತ್ ಟ್ರಂಕಿನ ಕೆಳಗೆ ತೋಟಾ, ಹಳೇ ಬಂದೂಕು ಸಿಕ್ರೆ ಅದನ್ನ ಬ್ಯಾಗಲ್ಲಿ ಹಾಕ್ಕೊಂಡು ಬಸ್ ಹತ್ತಬೇಡಿ, ಮುಟ್ಟದೆ ಹತ್ತಿರದ ಠಾಣೆಗೆ ತಿಳಿಸಿ.

ರಿಟೈರ್ ಆದವರ ಮಾತು ರೆಕಾರ್ಡ್ ಮಾಡ್ತೀರಂತೆ, ಹೇಗೆ?

ಮನೆಗೇ ಬರ್ತೀವಿ. ಮೊಬೈಲು, ಒಂದು ಕಾಲರ್ ಮೈಕು, ಅಷ್ಟೇ. ಶೌರ್ಯದ ಕಥೆ ಕೇಳಲ್ಲ ನಾವು, ಅದು ಅವರೇ ಹೇಳ್ತಾರೆ. ನಾವು ಕೇಳೋದು ಬೀಟಲ್ಲಿ ರಾತ್ರಿ ಏನ್ ತಿಂತಿದ್ರಿ, ಸೈಕಲ್ ಯಾರದ್ದು, ಪಂಚರ್ ದುಡ್ಡು ಯಾರ್ ಕೊಡ್ತಿದ್ರು, ಮೊದಲನೇ ಸಲ ಹೆಣ ಇಳಿಸಿದಾಗ ಜೊತೆಗೆ ಯಾರಿದ್ರು, ಗಿರಣಿ ಮುಷ್ಕರದ ಬಂದೋಬಸ್ತಿಗೆ ದಾವಣಗೆರೆಗೆ ಹಾಕಿದಾಗ ಎದುರಿಗೆ ನಿಂತಿದ್ದವರಲ್ಲಿ ನಿಮ್ ನೆಂಟ್ರು ಇದ್ರಾ. ಮನೆಯಾಕೆನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ ಅಂತ ಹೇಳ್ತೀವಿ. ಅರ್ಧ ಇತಿಹಾಸ ಅವರ ಹತ್ರ ಇರುತ್ತೆ: ಟ್ರಾನ್ಸ್‌ಫರ್ ಆದಾಗ ಮಕ್ಕಳ ಸ್ಕೂಲು, ಕ್ವಾರ್ಟ್ರಸ್ಸಲ್ಲಿ ನೀರು, ಹಬ್ಬದ ದಿನ ಹೋಳಿಗೆ ಎತ್ತಿಟ್ಟು ಕಾಯ್ದಿದ್ದು. ಇವರೇ ತಡೆದು "ಅದು ಹಾಗಲ್ಲ ಕಣ್ರೀ, ನೀವು ಅವತ್ತು ಅತ್ತಿದ್ರಿ" ಅಂದಾಗ ರೆಕಾರ್ಡಿಂಗ್ ನಿಜವಾಗಿ ಶುರು ಆಗೋದು.

ಯಾವ ಭಾಗ ಜನಕ್ಕೆ ಕೇಳಿಸಬಹುದು, ಯಾವುದು ಬೇಡ ಅಂತ ಅವರೇ ಬರೆದು ಕೊಡ್ತಾರೆ. ನಡೀತಾ ಇರೋ ಕೇಸ್ ಬಗ್ಗೆ ಮಾತಾಡಿದ್ರೆ ಅಲ್ಲಿಗೇ ನಿಲ್ಲಿಸ್ತೀವಿ.

ಫೋಟೋ, ರೀಲ್ಸ್ ಮಾಡಬಹುದಾ?

ಫೋಟೋ ತೆಗೀರಿ, ಫ್ಲಾಶ್ ಬೇಡ. ಟೋಪಿ ಹಾಕ್ಕೊಂಡು ಲಾಠಿ ತಿರುಗಿಸೋ ರೀಲ್ಸ್ ಬೇಡ. ಎರಡನೇ ರೂಮಲ್ಲಿ ಸಂಬಳದ ಚೀಟಿ, ಕಾಗದಗಳ ಕ್ಲೋಸಪ್ಪೂ ಬೇಡ.

ವಯಸ್ಸಾದವರು ಬರಬಹುದಾ? ಗಾಡಿ ಎಲ್ಲಿ ನಿಲ್ಲಿಸೋದು?

ಎರಡು ಮೆಟ್ಟಿಲಿದೆ, ಹಲಗೆ ಇಟ್ಕೊಡ್ತೀವಿ, ವೀಲ್‌ಚೇರ್ ಒಳಗೆ ಬರುತ್ತೆ. ಕಾರು ಮೇನ್ ರೋಡಲ್ಲೇ ಬಿಟ್ಟು ನಡ್ಕೊಂಡ್ ಬನ್ನಿ, ಗಲ್ಲಿ ಒಳಗೆ ತಂದ್ರೆ ತಿರುಗಿಸೋಕಾಗಲ್ಲ. ಪೊಲೀಸ್ ಮ್ಯೂಸಿಯಂ ಮುಂದೆ ನೋ ಪಾರ್ಕಿಂಗಲ್ಲಿ ನಿಲ್ಲಿಸಿ ಫೈನ್ ಬಿದ್ರೆ ನಾವು ಬಿಡಿಸ್ಕೊಡೋಕಾಗಲ್ಲ, ಮೊದಲೇ ಹೇಳಿದೀವಿ. ಹೊರಗಿಂದ ಬರೋರು ಬೆಳಿಗ್ಗೆ ಬಿಸಿಲೇರೋಕೆ ಮುಂಚೆ ಕೋಟೆ ಹತ್ತಿ ಇಳಿದು, ರಂಗಯ್ಯನ ಬಾಗಿಲ ಹತ್ರ ಇರೋ ಸರ್ಕಾರಿ ಮ್ಯೂಸಿಯಂ ನೋಡ್ಕೊಂಡು ನಮ್ ಕಡೆ ಬಂದ್ರೆ ಸರಿಯಾಗುತ್ತೆ.

ನಾವೂ ಸೇರ್ಕೋಬಹುದಾ?

ಬನ್ನಿ. ಪೊಲೀಸ್ ಕುಟುಂಬದವರೇ ಆಗಿರಬೇಕು ಅಂತಿಲ್ಲ, ಠಾಣೆ ಮೆಟ್ಟಿಲು ಹತ್ತಿ ಬೇಜಾರು ಪಟ್ಕೊಂಡೋರೂ ಬನ್ನಿ, ಅವರ ಕಡೆಯಿಂದ ಬರಹ ಬರೆಯೋರು ನಮಗೆ ಕಮ್ಮಿ ಇದಾರೆ. ಈಗ ಅರ್ಜೆಂಟಾಗಿ ಬೇಕಾಗಿರೋದು ಮೋಡಿ ಅಕ್ಷರ (ಕೂಡಿಸಿ ಬರೆಯೋ ಹಳೇ ಲಿಪಿ), ಹಳೇ ಕನ್ನಡ ಕೈಬರಹ ಓದಬಲ್ಲವರು, ಆಡಿಯೋ ಕೇಳಿ ಟೈಪ್ ಮಾಡೋರು, ಭಾನುವಾರ ಬೆಳಿಗ್ಗೆ ಬಾಗಿಲು ತೆಗೆಯೋರು. ಮೂರನೇದಕ್ಕೆ ಯಾರೂ ಮುಂದೆ ಬರ್ತಾ ಇಲ್ಲ, ಅದಕ್ಕೆ ಬಂದೋರಿಗೆ ಮಂಡಕ್ಕಿ ಮೆಣಸಿನಕಾಯಿ ನಮ್ ಕಡೆಯಿಂದ.